ಹನಿ ಬಿಯರ್ ಮೇಲೆ ಜೇನು ಕುರುಬರ ಕಾರ್ಟೂನು ಬೇಡ ಅಂದಿದ್ದಕ್ಕೆ

ಗಾಂಧೀಜಿ ಮುಖ ಬಿಯರ್ ಕ್ಯಾನ್ ಮೇಲೆ ಬಂದರೆ ನಮಗೆಲ್ಲ ಮೈ ಉರಿಯುತ್ತದೆ. ಉರಿಯಲೇಬೇಕು ಬಿಡಿ, ಹೆಂಡದಂಗಡಿ ಮುಚ್ಚಿಸಿ ಅಂತ ಜೀವಮಾನವಿಡೀ ಹೇಳಿದ ಮನುಷ್ಯ ಅವರು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ಬ್ರೂವರಿ 'ಗಾಂಧಿ-ಬಾಟ್' ಅಂತ ಬಿಯರ್ ಮಾಡಿ, ಕ್ಯಾನ್ ಮೇಲೆ ಗಾಂಧಿಯನ್ನೇ ರೋಬೋ ಮಾಡಿ ಕೂರಿಸಿತ್ತು. 2015ರಲ್ಲಿ ಹೈದರಾಬಾದಿನ ಕೋರ್ಟಿನಲ್ಲಿ ದೂರು ಬಿತ್ತು, ಕಂಪನಿ ಕ್ಷಮೆ ಕೇಳಿತು, ಆಮೇಲೆ ಹೆಸರು 'ಜಿ-ಬಾಟ್' ಆಯಿತು. 2019ರಲ್ಲಿ ಇಸ್ರೇಲಿನ ಕಂಪನಿಯೊಂದು ತಮ್ಮ ದೇಶದ ಸ್ವಾತಂತ್ರ್ಯೋತ್ಸವಕ್ಕೆ ಅಂತ ಬಾಟಲಿ ಮೇಲೆ ಗಾಂಧಿ ಚಿತ್ರ ಹಾಕಿತು. ರಾಜ್ಯಸಭೆಯಲ್ಲಿ ಗಲಾಟೆಯಾಯಿತು. ಅಲ್ಲೂ ಕ್ಷಮೆ. ಅದಕ್ಕೂ ಮುಂಚೆ, 2013ರಲ್ಲಿ, ಆಸ್ಟ್ರೇಲಿಯಾದ ಶುಂಠಿ ಬಿಯರ್ ಮೇಲೆ ಗಣೇಶ ಬಂದಿದ್ದ.

ಆ ದಿನಗಳಲ್ಲಿ ನಮ್ಮ ಗ್ರೂಪುಗಳಲ್ಲಿ ಓಡಾಡಿದ ಫಾರ್ವರ್ಡುಗಳನ್ನು ನೆನಪು ಮಾಡಿಕೊಳ್ಳಿ. 'ಇವರಿಗೆ ನಮ್ಮವರು ಅಂದ್ರೆ ತಮಾಷೆ ಆಗ್ಬಿಟ್ಟಿದೆ.' ಸರಿ, ಒಪ್ಪಿದೆ. ಅದೇ ಗ್ರೂಪಿನಲ್ಲಿ ಮಾರನೇ ದಿನ ಬರೋ ಜೋಕು ಯಾವುದು? ಲುಂಗಿ ಎತ್ತಿ ಕಟ್ಟಿದ ಹಳ್ಳಿಯವನು, ಕೈಲಿ ಕ್ವಾರ್ಟರು, ಕಾಲು ತೂರಾಟ, ಬಾಯಲ್ಲಿ ಮಂಡ್ಯದ ಮಾತು. ಇಲ್ಲಾ, ಸೊಪ್ಪು ಸುತ್ತಿಕೊಂಡ 'ಕಾಡು ಜನ'. ಅದಕ್ಕೆ ಎಲ್ಲರೂ ನಗೋ ಇಮೋಜಿ ಹಾಕುತ್ತಾರೆ. ರಾಜ್ಯಸಭೆಗೇನೂ ಹೋಗಲ್ಲ.

ನಾನು ಮೈಸೂರಿನಲ್ಲಿ ಡಿಸೈನ್ ಕೆಲಸ ಮಾಡುವವನು. ಮೆನು ಕಾರ್ಡು, ಮದುವೆ ಕಾರ್ಡು, ಅಂಗಡಿ ಬೋರ್ಡು, ಎಲೆಕ್ಷನ್ ಬಂದರೆ ಬ್ಯಾನರು. ಊರು ಮಂಡ್ಯದ ಕಡೆ. ಇತ್ತೀಚೆಗೆ ಒಂದು ಪಬ್ಬಿನ ಕೆಲಸ ಬಂತು, ಅದರಲ್ಲಿ ಒಂದು ಚಿತ್ರ, ನಮ್ಮ ಕಡೆ ಕಾಡಿನಲ್ಲಿ ಜೇನು ಕೀಳುವ ಆದಿವಾಸಿಗಳಾದ ಜೇನು ಕುರುಬರದ್ದು, ಮಾಡಲ್ಲ ಅಂದೆ. ವಿಷಯ ಗೊತ್ತಾದ ಫ್ರೆಂಡ್ಸಲ್ಲಿ 'ಸ್ವಲ್ಪ ಓವರ್ ಆಯ್ತು ಗುರು' ಅಂದವರೇ ಜಾಸ್ತಿ. ಒಬ್ಬೊಬ್ಬರಿಗೂ ವಾಟ್ಸಾಪಿನಲ್ಲಿ ಉತ್ತರ ಕುಟ್ಟುತ್ತಾ ಕೂರೋಕಾಗಲ್ಲ, ಅದಕ್ಕೇ ಇಲ್ಲಿ ಬರೀತಿದ್ದೇನೆ. ನಾನು ಕುಡಿಯದವನೇನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇದು ಮದ್ಯಪಾನ ನಿಷೇಧದ ಪೋಸ್ಟ್ ಅಲ್ಲ.

ಪಬ್ಬಿನ ಕಥೆ ಆಮೇಲೆ. ಮೊದಲು ಒಂದು ಬಾಟಲಿ ಕಥೆ.

1992. ಹಾರ್ನೆಲ್ ಬ್ರೂಯಿಂಗ್ ಅನ್ನೋ ನ್ಯೂಯಾರ್ಕಿನ ಕಂಪನಿ 'ಕ್ರೇಜಿ ಹಾರ್ಸ್ ಮಾಲ್ಟ್ ಲಿಕ್ಕರ್' ಅಂತ ಮಾರುಕಟ್ಟೆಗೆ ಬಿಟ್ಟಿತು. ಅರಿಜೋನಾ ಐಸ್ಡ್ ಟೀ ಮಾಡಿದವರೂ ಇವರೇ, ಅದೂ ಅದೇ ವರ್ಷ. ಮಾಲ್ಟ್ ಲಿಕ್ಕರ್ ಅಂದರೆ ಬಿಯರೇ, ಆದರೆ ಸ್ಟ್ರಾಂಗ್ ಜಾಸ್ತಿ, ರೇಟು ಕಡಿಮೆ. 40 ಔನ್ಸಿನ ದಪ್ಪ ಬಾಟಲಿ, ನಮ್ಮ ಲೆಕ್ಕದಲ್ಲಿ ಸುಮಾರು 1.2 ಲೀಟರ್. ಲೇಬಲ್ ಮೇಲೆ ಗರಿಗಳ ಕಿರೀಟ ತೊಟ್ಟ ಅಮೆರಿಕದ ಮೂಲನಿವಾಸಿ. ಜೊತೆಗೆ ಡಕೋಟದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳ ಬಗ್ಗೆ, ನೀಲಿ ಬಟ್ಟೆಯ ಕುದುರೆ ಸಿಪಾಯಿಗಳ ಬಗ್ಗೆ, ಯೋಧರ ಬಗ್ಗೆ, ಪಿಸುಗುಡೋ ಗಾಳಿ ಬಗ್ಗೆ ಕವಿತೆ ಥರ ನಾಲ್ಕು ಸಾಲು. ಸುಮ್ನೆ ಓದಿದರೆ ಗೌರವ ಕೊಟ್ಟ ಹಾಗೇ ಕಾಣುತ್ತದೆ.

ಕ್ರೇಜಿ ಹಾರ್ಸ್ ಅನ್ನೋದು ನಿಜವಾಗಿ ಬದುಕಿದ್ದ ಒಬ್ಬನ ಹೆಸರು. ಈಗ ಆ ಮನುಷ್ಯ ಯಾರು ನೋಡಿ. ಅವರ ಭಾಷೆಯಲ್ಲಿ ತಶುಂಕೆ ವಿಟ್ಕೊ, ಓಗ್ಲಾಲ ಲಕೋಟ ಜನರ ನಾಯಕ. 1876ರಲ್ಲಿ ಲಿಟ್ಲ್ ಬಿಗ್‌ಹಾರ್ನ್ ನದಿ ಹತ್ತಿರ ಅಮೆರಿಕದ ಸೇನಾಧಿಕಾರಿ ಕಸ್ಟರ್‌ನ ಸೈನ್ಯವನ್ನು ಮಣ್ಣು ಮುಕ್ಕಿಸಿದವರಲ್ಲಿ ಒಬ್ಬ. ಮುಂದಿನ ವರ್ಷ ಹಸಿದ ಜನರನ್ನು ಕಟ್ಟಿಕೊಂಡು ಶರಣಾದ. 1877ರ ಸೆಪ್ಟೆಂಬರಿನಲ್ಲಿ ಫೋರ್ಟ್ ರಾಬಿನ್ಸನ್ ಅನ್ನೋ ಕೋಟೆಯಲ್ಲಿ, ಸೈನ್ಯದ ವಶದಲ್ಲಿದ್ದಾಗಲೇ, ಸಿಪಾಯಿಯೊಬ್ಬನ ಬಯೊನೆಟ್ ತಿವಿತಕ್ಕೆ ಸತ್ತ. ಇವನದೇ ಅಂತ ಖಾತ್ರಿಯಾಗಿ ಹೇಳೋ ಒಂದು ಫೋಟೋ ಕೂಡ ಉಳಿದಿಲ್ಲ. ಅಂದರೆ ಲೇಬಲ್ ಮೇಲಿದ್ದ ಮುಖ ಯಾರದೋ ಡಿಸೈನರ್ ಕಲ್ಪನೆ. ಇನ್ನು ಕುಡಿತ? ಬಿಳಿಯರು ತಂದ ಹೆಂಡವನ್ನು ಮುಟ್ಟಬೇಡಿ ಅಂತ ತನ್ನ ಜನಕ್ಕೆ ಹೇಳುತ್ತಿದ್ದವನು ಅವನು. ಅವನ ಹೆಸರಲ್ಲಿ ಅಗ್ಗದ ಸ್ಟ್ರಾಂಗ್ ಬಿಯರ್.

ಅವನ ಜನ ಈಗಲೂ ಇರೋದು ಸೌತ್ ಡಕೋಟ ರಾಜ್ಯದ ಪೈನ್ ರಿಡ್ಜ್ ಅನ್ನೋ ಜಾಗದಲ್ಲಿ. ಅಲ್ಲಿ ಮದ್ಯ ಮಾರೋ ಹಾಗಿಲ್ಲ. ಆದರೆ ಗಡಿ ದಾಟಿದ ತಕ್ಷಣ ನೆಬ್ರಾಸ್ಕದಲ್ಲಿ ವೈಟ್‌ಕ್ಲೇ ಅಂತ ಒಂದು ಊರು. ಊರು ಅನ್ನೋದೂ ಜಾಸ್ತಿ, ಹತ್ತು ಹನ್ನೆರಡು ಜನ ಇದ್ದ ಜಾಗ. ಅಲ್ಲಿ ನಾಲ್ಕು ಬಿಯರ್ ಅಂಗಡಿ. ವರ್ಷಕ್ಕೆ ಲಕ್ಷಾಂತರ ಕ್ಯಾನ್ ಮಾರುತ್ತಿದ್ದರು. ಕೊಳ್ಳುತ್ತಿದ್ದವರು ಯಾರು ಅಂತ ಬಿಡಿಸಿ ಹೇಳಬೇಕಾ? ವರ್ಷಗಟ್ಟಲೆ ಹೋರಾಟ ಮಾಡಿದ ಮೇಲೆ 2017ರಲ್ಲಿ ಆ ಅಂಗಡಿಗಳ ಲೈಸೆನ್ಸು ಹೋಯಿತು. ಅಮೆರಿಕ ಸರ್ಕಾರ 1953ರವರೆಗೂ ಈ ಜನಕ್ಕೆ ಮದ್ಯ ಮಾರುವುದನ್ನು ಕಾನೂನಿನಿಂದಲೇ ತಡೆದಿತ್ತು. ಮೊದಲು ಹೆಂಡ ಕೊಟ್ಟು ಭೂಮಿ ಬರೆಸಿಕೊಂಡವರು, ಆಮೇಲೆ 'ಇವರಿಗೆ ಕುಡಿಯೋಕೆ ಬರಲ್ಲ' ಅಂತ ನಿಷೇಧ ಹಾಕಿದವರು, ಕೊನೆಗೆ ಅವರ ನಾಯಕನ ಹೆಸರಲ್ಲೇ ಬಾಟಲಿ ಮಾಡಿದವರು, ಎಲ್ಲ ಒಂದೇ ಕಡೆಯವರು. ಆ ಲೇಬಲ್ಲಿನ ಕವಿತೆಯಲ್ಲಿ ಇದ್ಯಾವುದೂ ಇಲ್ಲ.

ಗಲಾಟೆ ಆಯಿತು. ಅಮೆರಿಕದ ಸರ್ಜನ್ ಜನರಲ್, ಅಂದರೆ ಸರ್ಕಾರದ ಮುಖ್ಯ ವೈದ್ಯಾಧಿಕಾರಿ ಆಗಿದ್ದ ಆಂಟೋನಿಯಾ ನೊವೆಲ್ಲೊ ಬಹಿರಂಗವಾಗಿ ಖಂಡಿಸಿದರು. 1992ರಲ್ಲೇ ಅಲ್ಲಿನ ಸಂಸತ್ತು, ಅಂದರೆ ಅಮೆರಿಕದ ಕಾಂಗ್ರೆಸ್, ಆ ಹೆಸರನ್ನು ಮದ್ಯದ ಮೇಲೆ ಹಾಕಬಾರದು ಅಂತ ಕಾನೂನು ಮಾಡಿತು. ಕಂಪನಿ ಕೋರ್ಟಿಗೆ ಹೋಯಿತು. 1993ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟು, ಇದು ವಾಕ್ ಸ್ವಾತಂತ್ರ್ಯಕ್ಕೆ ಅಡ್ಡಿ ಅಂತ ಆ ಕಾನೂನನ್ನೇ ಹೊಡೆದುಹಾಕಿತು. ಕೋರ್ಟು ಹೇಳಿದ್ದು ತಪ್ಪು ಅಂತ ನನಗನ್ನಿಸಲ್ಲ. ಒಂದು ಹೆಸರು ಹೇಳಬಾರದು ಅಂತ ಸರ್ಕಾರಕ್ಕೆ ಅಧಿಕಾರ ಕೊಟ್ಟರೆ ನಾಳೆ ಅದು ಯಾರ ಬಾಯಿ ಮುಚ್ಚಿಸುತ್ತದೆ ಅಂತ ನಮಗೆ ಚೆನ್ನಾಗಿ ಗೊತ್ತಲ್ವಾ.

ಆದರೆ ಅವನ ವಂಶದವರು ಬಿಡಲಿಲ್ಲ. ರೋಸ್‌ಬಡ್ ಅನ್ನೋ ಇನ್ನೊಂದು ಲಕೋಟ ಪ್ರದೇಶದ ಬುಡಕಟ್ಟು ನ್ಯಾಯಾಲಯದಲ್ಲಿ ದಾವೆ ಹಾಕಿದರು. ಅವರು ಕೇಳಿದ ಪರಿಹಾರ ಓದಿ ನಾನು ಕುರ್ಚಿಯಿಂದ ಎದ್ದು ನಿಂತೆ. ಬಾಟಲಿ ಮಾರಿದ ಪ್ರತಿ ರಾಜ್ಯಕ್ಕೆ, ಮಾರಿದ ಪ್ರತಿ ತಿಂಗಳಿಗೆ, ಒಂದು ಹೆಣಿಗೆ ತಂಬಾಕು, ಒಂದು ಕಂಬಳಿ, ಒಂದು ರೇಸ್ ಕುದುರೆ. ಮರ್ಯಾದೆ ಹೋಗಿದ್ದಕ್ಕೆ ಅವರ ಕಡೆ ಲೆಕ್ಕ ಚುಕ್ತಾ ಮಾಡೋ ರೀತಿ ಅದು, ಅದರಲ್ಲೇ ಕೇಳಿದರು. ಆ ಬುಡಕಟ್ಟು ಕೋರ್ಟಿಗೆ ಹೊರಗಿನ ಕಂಪನಿ ಮೇಲೆ ಅಧಿಕಾರವಿಲ್ಲ ಅಂತ 1998ರಲ್ಲಿ ಮೇಲಿನ ಕೋರ್ಟು ಹೇಳಿತು. ಅಲ್ಲಿಗೆ ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡರು. 2001ರಲ್ಲಿ, ಈ ಬಿಯರನ್ನು ತಯಾರಿಸಿಕೊಟ್ಟಿದ್ದ ಹೈಲ್‌ಮನ್ ಬ್ರೂವರಿಯನ್ನು ಕೊಂಡಿದ್ದ ಸ್ಟ್ರೋ ಕಂಪನಿಯ ಮುಖ್ಯಸ್ಥರು ಸೌತ್ ಡಕೋಟಕ್ಕೇ ಬಂದು, ಎಲ್ಲರ ಎದುರು ಕ್ಷಮೆ ಕೇಳಿ, 32 ಕಂಬಳಿ, 32 ಹೆಣಿಗೆ ಪರಿಮಳದ ಹುಲ್ಲು, 32 ಸುರುಳಿ ತಂಬಾಕು, ಏಳು ರೇಸ್ ಕುದುರೆ ಕೊಟ್ಟು ಹೋದರು. ಕಾನೂನಿಂದ ಆಗದ್ದು ಹಾಗೆ ಆಯಿತು. ಬಾಟಲಿ ಏನಾಯಿತು ಅಂತೀರಾ? ಮುಂದೆ ಅದು 'ಕ್ರೇಜಿ ಸ್ಟ್ಯಾಲಿಯನ್' ಅನ್ನೋ ಹೆಸರಲ್ಲಿ ಬಂತು. ವ್ಯಾಪಾರ ಅಂದ್ರೆ ವ್ಯಾಪಾರ.

ಇನ್ನೂ ಒಂದು ವಿಷಯ ಇದೆ. ಅದೇ ಲಿಟ್ಲ್ ಬಿಗ್‌ಹಾರ್ನ್ ಯುದ್ಧದಿಂದ ಬಿಯರ್ ಮಾರಿದ್ದು 1992ರಲ್ಲಿ ಮೊದಲಲ್ಲ. 1896ರಲ್ಲಿ, ಯುದ್ಧವಾಗಿ ಇಪ್ಪತ್ತು ವರ್ಷಕ್ಕೆ, ಆನ್‌ಹೈಸರ್-ಬುಶ್ ಕಂಪನಿ 'ಕಸ್ಟರ್‌ನ ಕೊನೆಯ ಕಾಳಗ' ಅನ್ನೋ ಬಣ್ಣದ ಚಿತ್ರವನ್ನು ಅಚ್ಚು ಹಾಕಿಸಿ ದೇಶದ ಸಲೂನುಗಳಿಗೆಲ್ಲ ಹಂಚಿತು. ಸಲೂನ್ ಅಂದರೆ ಅಲ್ಲಿ ಕ್ಷೌರದಂಗಡಿಯಲ್ಲ, ಬಾರು. ಚಿತ್ರದ ನಡುವೆ ಕತ್ತಿ ಎತ್ತಿ ನಿಂತ ಕಸ್ಟರ್ ಹೀರೋ, ಸುತ್ತ ಸತ್ತವರ ನೆತ್ತಿ ಸುಲಿಯುತ್ತಿರುವ ರಾಕ್ಷಸರಂಥ 'ಇಂಡಿಯನ್ನರು' (ಅಲ್ಲಿನ ಮೂಲನಿವಾಸಿಗಳನ್ನು ಹಾಗೇ ಕರೆಯೋದು), ಕೆಳಗೆ ಕಂಪನಿ ಹೆಸರು. ಬಿಯರ್ ಕಪ್ಪು ಹಿಡಿದು ಕೂತ ಎಷ್ಟು ತಲೆಮಾರಿನ ಗಂಡಸರು ಇತಿಹಾಸ ಅಂತ ನೋಡಿದ್ದು ಅದನ್ನೇ. ನೂರು ವರ್ಷ ಗೋಡೆ ಮೇಲೆ ರಾಕ್ಷಸ, ಆಮೇಲೆ ಬಾಟಲಿ ಮೇಲೆ ವೀರ. ಹ್ಯಾಮ್ಸ್ ಬಿಯರಿನ ಜಾಹೀರಾತಿಗೆ ಇಂಡಿಯನ್ ತಮಟೆ ತಾಳ, ಲೈನನ್‌ಕೂಗಲ್ ಬಿಯರಿನ ಮೇಲೆ ಗರಿ ಸಿಕ್ಕಿಸಿಕೊಂಡ ಇಂಡಿಯನ್ ಹುಡುಗಿ. ಆ ಹುಡುಗಿಯನ್ನು ತೆಗೆಯಲು 2020 ಬರಬೇಕಾಯಿತು.

ತಮಾಷೆ ಹೆಸರಲ್ಲಿ ಆದದ್ದಕ್ಕೆ 2018ರ ಹೈನಿಕನ್ ಲೈಟ್ ಜಾಹೀರಾತು ಒಳ್ಳೆ ಉದಾಹರಣೆ. ಬಾರ್‌ಟೆಂಡರ್ ಒಂದು ಬಾಟಲಿಯನ್ನು ಜಾರಿಸುತ್ತಾನೆ, ಅದು ಕಪ್ಪು ಮೈಬಣ್ಣದವರನ್ನೆಲ್ಲ ದಾಟಿ ಹೋಗಿ ತಿಳಿ ಬಣ್ಣದ ಹೆಂಗಸಿನ ಹತ್ತಿರ ನಿಲ್ಲುತ್ತದೆ. ಕೆಲವೊಮ್ಮೆ ಲೈಟ್ ಆಗಿದ್ದರೇ ಚೆನ್ನ ಅನ್ನೋ ಸಾಲು. ಅಮೆರಿಕದ ಗಾಯಕ ಚಾನ್ಸ್ ದಿ ರಾಪರ್ ಕಿಡಿಕಾರಿದ ಮೇಲೆ ಹಿಂದಕ್ಕೆ ತಗೊಂಡರು. ಒಂದು ಜಾಹೀರಾತು ಎಷ್ಟು ಕೈ ದಾಟಿ ಬರುತ್ತೆ ಅಂತ ನನಗೆ ಗೊತ್ತು: ಬರೆದವನು, ಚಿತ್ರ ತೆಗೆದವನು, ಎಡಿಟ್ ಮಾಡಿದವನು, ಕ್ಲೈಂಟು, ಕ್ಲೈಂಟಿನ ಬಾಸು. ಅಷ್ಟೂ ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಾ, ಅಥವಾ ಹೊಳೆದವರು 'ಹೋಗ್ಲಿ ಬಿಡು' ಅಂದರಾ?

ಈಗ ಪಬ್ಬು.

ಮೈಸೂರಿನಲ್ಲೇ ಇದೆ, ಹೆಸರು ಬೇಡ. ಬಿಯರ್ ತಾವೇ ತಯಾರಿಸುತ್ತಾರೆ. ಓನರ್ ಒಳ್ಳೆ ಮನುಷ್ಯ, ಅಡ್ವಾನ್ಸು ಕೇಳುವ ಮುಂಚೆ ಕೊಡುತ್ತಾರೆ, ನಮ್ಮ ಫೀಲ್ಡಿನಲ್ಲಿ ಇದು ಸಣ್ಣ ಗುಣವಲ್ಲ. ಥೀಮು 'ನಮ್ಮ ಸೀಮೆ'. ಒಂದೊಂದು ಬಿಯರಿಗೆ ಒಂದೊಂದು ಲೋಕಲ್ ಹೆಸರು, ಒಂದು ಕಾರ್ಟೂನು, ಎರಡು ಸಾಲು ನಗೆಚಾಟಿಕೆ. ಮೆನು ಕಾರ್ಡು, ಟೇಬಲ್ ಮೇಲೆ ನಿಲ್ಲಿಸೋ ಮಡಚು ಕಾರ್ಡು, ಬಾಗಿಲಲ್ಲಿ ಆರಡಿ ಸ್ಟ್ಯಾಂಡಿ. ಐಡಿಯಾ ಕೆಟ್ಟದ್ದೇನಲ್ಲ. ನಂಜನಗೂಡು ರಸಬಾಳೆ ಹೆಸರಿಂದು, ಮಲ್ಲಿಗೆ ಹೆಸರಿಂದು ಎಲ್ಲ ಖುಷಿಯಾಗಿ ಮಾಡಿಕೊಟ್ಟೆ. ಬ್ರಿಟಿಷರ ಕಾಲದ ಬಿಯರಾದ ಇಂಡಿಯಾ ಪೇಲ್ ಏಲ್‌ಗೆ ಅಂತ, ಕುರ್ಚಿಯಲ್ಲಿ ಕಾಲು ಚಾಚಿದ ದೊರೆ, ಹಿಂದೆ ಪಂಖ ಎಳೆಯುವ ಬಡಕಲು ಆಳು, ಹೀಗೊಂದು ಚಿತ್ರ ಕೇಳಿದ್ದರು. ಶ್ರೀರಂಗಪಟ್ಟಣ ಇಲ್ಲಿಂದ ಅರ್ಧ ಗಂಟೆ ದಾರಿ ಸಾರ್, ನಾವು ಯಾರ ಕಡೆಯಿಂದ ನಗ್ತಾ ಇದೀವಿ ಅಂದೆ. ನಕ್ಕು ಬಿಟ್ಟುಬಿಟ್ಟರು.

ಬಿಯರು ನಮ್ಮ ಸೀಮೆಗೆ ಬಂದಿದ್ದೇ ಸೈನ್ಯದ ಹಿಂದೆ, ಅದು ನಿಜ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಅಲ್ಲಿ ಬೀಡುಬಿಟ್ಟ ಬ್ರಿಟಿಷ್ ಸಿಪಾಯಿಗಳು ಜ್ವರಕ್ಕೆ ಸಾಯತೊಡಗಿದ ಮೇಲೆ 1809ರಲ್ಲಿ ದಂಡನ್ನು ಬೆಂಗಳೂರಿಗೆ ಎತ್ತಿದರು. ಆ ದಂಡುಗಳ ಬಾಯಾರಿಕೆ ನೋಡಿಕೊಂಡೇ ಈ ಕಡೆ ಬ್ರೂವರಿಗಳು ಹುಟ್ಟಿದ್ದು. ಅಂಥ ಐದನ್ನು ಒಟ್ಟುಗೂಡಿಸಿ ಥಾಮಸ್ ಲೀಶ್‌ಮನ್ ಅನ್ನೋ ಸ್ಕಾಟ್ಲೆಂಡಿನವನು 1915ರಲ್ಲಿ ಯುನೈಟೆಡ್ ಬ್ರೂವರೀಸ್ ಮಾಡಿದ. ಮುಂದೆ ಆ ಕಂಪನಿಯ ಒಡೆಯರಾದ ವಿಜಯ್ ಮಲ್ಯ, ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನ ಖಡ್ಗ ಕೊಂಡರು, 2009ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಗಾಂಧಿಯ ಕನ್ನಡಕ, ಚಪ್ಪಲಿ ಕೊಂಡರು. ಒಬ್ಬ ತನ್ನ ರಾಜ್ಯದಲ್ಲಿ ಹೆಂಡ ನಿಲ್ಲಿಸಲು ಹೊರಟವನು, ಇನ್ನೊಬ್ಬರ ವಿಷಯ ಹೇಳಬೇಕಿಲ್ಲ. ಇಬ್ಬರ ಸಾಮಾನನ್ನೂ ಕೊಂಡಿದ್ದು ಬಿಯರಿನ ದುಡ್ಡು. ಇದು ಜೋಕಲ್ಲ, ಆದರೂ ನನಗೆ ನಗು ಬರುತ್ತದೆ.

ಸರಿ, ಹನಿ ಬಿಯರ್. ಬಂದದ್ದು ವಾಯ್ಸ್ ನೋಟ್. 'ಗುರು, ಜೇನು ಕುರುಬ ಒಬ್ಬ ಇರ್ಲಿ. ಸೊಂಟಕ್ಕೆ ಸೊಪ್ಪು ಸುತ್ಕೊಂಡು ಕೊಂಬೆಗೆ ನೇತಾಡ್ತಿರ್ಬೇಕು. ಒಂದ್ ಕೈಲಿ ಜೇನು ರೊಟ್ಟು, ಇನ್ನೊಂದ್ ಕೈಲಿ ಮಗ್ಗು. ಫುಲ್ ಟೈಟ್ ಆಗಿರ್ಬೇಕು. ಕೆಳಗೆ, ಕಾಡು ಬಿಟ್ಟು ಬಂದಿದ್ದೇ ಇದಕ್ಕೆ ಅಂತ ಹಾಕು. ಜನ ಸೆಲ್ಫಿ ತಗೋಬೇಕು.'

ಕಾಡು ಬಿಟ್ಟು ಬಂದಿದ್ದೇ ಇದಕ್ಕೆ. ಓನರಿಗೆ ಗೊತ್ತಿರಲಿಲ್ಲ, ಕೆಟ್ಟ ಮನಸ್ಸಿಂದ ಹೇಳಿದ್ದಲ್ಲ. ಆದರೆ ಮೈಸೂರಿನಲ್ಲಿ ಕೂತು ಗೊತ್ತಿಲ್ಲ ಅನ್ನೋದಕ್ಕೂ ಒಂದು ಮಿತಿ ಇರಬೇಕಲ್ವಾ. ಎಚ್.ಡಿ. ಕೋಟೆ, ಹುಣಸೂರು ನಮ್ಮದೇ ಜಿಲ್ಲೆ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ನೀರಿನಡಿ ಹೋದದ್ದರಲ್ಲಿ ಆದಿವಾಸಿಗಳ ಜಾಗವೂ ಇತ್ತು. ಅದೇ ಕಾಲದಲ್ಲಿ ಹುಲಿ ಹೆಸರಲ್ಲಿ, ಪಾರ್ಕಿನ ಹೆಸರಲ್ಲಿ ನಾಗರಹೊಳೆ ಕಾಡಿನ ಹಾಡಿಗಳನ್ನು, ಅಂದರೆ ಆದಿವಾಸಿಗಳ ಊರುಗಳನ್ನು, ಎಬ್ಬಿಸಲು ಶುರು ಮಾಡಿದರು. ಹೋದವರು ಕೊಡಗಿನ ಕಾಫಿ ತೋಟದ ಲೈನ್ ಮನೆಗಳಲ್ಲಿ ಕೂಲಿಗಳಾದರು, ಒಂದಷ್ಟು ಜನಕ್ಕೆ ಹುಣಸೂರಿನ ಹತ್ತಿರ ನಾಗಾಪುರದಲ್ಲಿ ಪುನರ್ವಸತಿ ಕೊಟ್ಟರು. ಇವರನ್ನು ಹೊರಗೆ ಹಾಕಿದ ಕಾಡಿನಲ್ಲೇ, ಮೂರ್ಕಲ್‌ನಲ್ಲಿ, 1990ರ ದಶಕದಲ್ಲಿ ಪ್ರವಾಸಿಗರಿಗೆ ಅಂತ ದೊಡ್ಡ ರೆಸಾರ್ಟ್ ಎದ್ದಿತು. ಆದಿವಾಸಿಗಳು ಹೋರಾಡಿ ಹೈಕೋರ್ಟಿನಲ್ಲಿ ಅದನ್ನು ನಿಲ್ಲಿಸಿದರು. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ಅರ್ಜಿಗಳು ಕೊಳೆಯುತ್ತಲೇ ಇವೆ. 2025ರ ಮೇ ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು ಜೇನು ಕುರುಬ ಕುಟುಂಬಗಳು ತಮ್ಮ ಹಳೇ ಊರು ಕರಡಿಕಲ್ಲಿಗೆ ವಾಪಸ್ ಹೋಗಿ ಗುಡಿಸಲು ಹಾಕಿದ್ದು ಪೇಪರುಗಳಲ್ಲೆಲ್ಲ ಬಂತು. ಕಾಡು ಬಿಟ್ಟು ಬಂದಿದ್ದು ಯಾತಕ್ಕೆ ಅನ್ನೋದು ಇಷ್ಟು ಉದ್ದ ಇದೆ. ಎರಡು ಸಾಲಿನಲ್ಲಿ ಹಿಡಿಯಲ್ಲ.

ಜೇನು ಕೀಳುವ ಕೆಲಸವಾದರೂ ಏನು ಅಂತ ಗೊತ್ತಿದ್ದರೆ ಆ ಕಾರ್ಟೂನು ಇನ್ನೂ ಅಸಹ್ಯ ಅನ್ನಿಸುತ್ತದೆ. ಹೆಜ್ಜೇನು ಕಟ್ಟೋದು ಎತ್ತರದ ಮರಗಳ ತುದಿ ಕೊಂಬೆಯಲ್ಲಿ. ರಾತ್ರಿ ಹೊತ್ತು, ಕೈಯಲ್ಲಿ ಹೊಗೆಯಾಡುವ ಸೂಡಿ ಹಿಡಿದು, ಕತ್ತಲಲ್ಲಿ ಹತ್ತಬೇಕು. ಕುಡಿದು ಟೈಟಾದವನು ಆ ಮರದಿಂದ ಜೀವಂತ ಇಳಿಯಲ್ಲ. ಕಿತ್ತ ಜೇನನ್ನು ಲ್ಯಾಂಪ್ಸ್ ಅನ್ನೋ ಆದಿವಾಸಿಗಳ ಸಹಕಾರ ಸೊಸೈಟಿಗೆ ಹಾಕುತ್ತಾರೆ. ಪೇಟೆಯಲ್ಲಿ ಕಾಡುಜೇನು ಅಂತ ಬಾಟಲಿಗೆ ನಾವು ಕೊಡೋ ದುಡ್ಡಿನಲ್ಲಿ ಅವರ ಪಾಲು ಎಷ್ಟಿರುತ್ತೆ ಅಂತ ಲೆಕ್ಕ ಹಾಕೋದೂ ಬೇಡ. ಹಾಡಿಗಳಲ್ಲಿ ಕುಡಿತದ ಸಮಸ್ಯೆ ಇಲ್ಲ ಅಂತ ನಾನು ಹೇಳಲ್ಲ. ಇದೆ. ಹೆಂಗಸರು ಅದನ್ನೇ ಮೊದಲು ಹೇಳುತ್ತಾರೆ. ಸಾರಾಯಿ ನಿಂತಿದ್ದು 2007ರಲ್ಲಿ, ಅದರ ಜಾಗಕ್ಕೆ ಪ್ಯಾಕೆಟ್ ಬ್ರಾಂದಿ ಬಂತು ಅಷ್ಟೇ. ಇರೋದರಿಂದಲೇ ಅದನ್ನು ಗ್ಲಾಸ್ ಮಾರೋ ಚಿತ್ರ ಮಾಡಬಾರದು.

ಓನರಿಗೆ ಫೋನ್ ಮಾಡಿದೆ. ಇಷ್ಟೆಲ್ಲ ಭಾಷಣ ಮಾಡಲಿಲ್ಲ. 'ಸಾರ್, ದಸರಾಕ್ಕೆ ಆನೆ ಜೊತೆ ಬಂದು ಅರಮನೆ ಒಳಗೆ ಟೆಂಟ್ ಹಾಕ್ಕೊಂಡು ಇರ್ತಾರಲ್ಲ ಮಾವುತರು, ಕಾವಾಡಿಗಳು, ಅವರಲ್ಲಿ ಸುಮಾರು ಜನ ಜೇನು ಕುರುಬರೇ. ಅವರ ಮಕ್ಕಳಿಗೆ ಅಲ್ಲೇ ಟೆಂಟ್ ಶಾಲೆ ನಡೆಯುತ್ತೆ. ಸಾಯಂಕಾಲ ಲೈಟಿಂಗ್ ನೋಡೋಕೆ ಈ ರೋಡಲ್ಲೇ ಓಡಾಡ್ತಾರೆ. ಬಾಗಿಲಲ್ಲಿ ಆರಡಿ ಸ್ಟ್ಯಾಂಡಿ ನಿಲ್ಲಿಸ್ತೀವಿ' ಅಂದೆ.

'ಹೌದಾ? ಆದ್ರೆ ಅವರು ನಮ್ಮ ಪಬ್ಬಿಗೆ ಬರಲ್ವಲ್ಲ ಗುರು' ಅಂದರು.

ಇದನ್ನು ಕೇಳಿ ನನಗೆ ಸಿಟ್ಟು ಬರಲಿಲ್ಲ, ಅವರು ವ್ಯಾಪಾರದ ಮಾತಾಡಿದರು. ಆದರೆ ಈ ಥರದ ಜಾಹೀರಾತೆಲ್ಲ ನಡೆಯೋದು ಆ ಒಂದು ಮಾತಿನ ಮೇಲೇ. ಪೈನ್ ರಿಡ್ಜಿನವರನ್ನು ಮನಸ್ಸಲ್ಲಿಟ್ಟುಕೊಂಡು ಯಾರೂ ಲೇಬಲ್ ಮಾಡಲಿಲ್ಲ. ಇಲ್ಲಿ ಹಾಡಿಯವರನ್ನು ಇಟ್ಟುಕೊಂಡು ಯಾರೂ ಮೆನು ಮಾಡಲ್ಲ. ನಗುವವರು ಟೇಬಲ್ಲಿನಲ್ಲಿರುತ್ತಾರೆ, ನಗೆಪಾಟಲಾಗುವವರು ಹೊರಗೆ ರೋಡಿನಲ್ಲಿ. ಬ್ಯಾಂಕ್ ಮ್ಯಾನೇಜರ್ ಕುಡಿದು ನೇತಾಡುವ ಕಾರ್ಟೂನನ್ನು ಯಾವ ಪಬ್ಬೂ ಕೇಳಿಲ್ಲ ನನ್ನ ಹತ್ರ, ಇಷ್ಟು ವರ್ಷದಲ್ಲಿ.

'ಹಾಗಾದ್ರೆ ಕೇಸ್ ಹಾಕಿಸು' ಅಂದ ಒಬ್ಬ ಫ್ರೆಂಡು. ಹಾಕಬಹುದೇನೋ, 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಸಾರ್ವಜನಿಕವಾಗಿ ಅವಮಾನ ಮಾಡೋದಕ್ಕೆ ಜಾಗ ಇದೆ. ಆದರೆ ಹೆದರಿಸಿ ನಿಲ್ಲಿಸೋದು ನನಗೆ ಬೇಕಿರಲಿಲ್ಲ. ಟಿವಿಯಲ್ಲಿ ಮದ್ಯದ ಜಾಹೀರಾತು ನಿಷೇಧವಾಗಿ ಕಾಲು ಶತಮಾನ ಆಗಿದೆ. ಏನಾಯಿತು? ಬಿಯರ್ ಕಂಪನಿಗಳೆಲ್ಲ ಸೋಡಾ ಮಾರಿದವು, ನೀರು ಮಾರಿದವು, ಕ್ರಿಕೆಟ್ ಟೀಮ್ ಕಟ್ಟಿದವು. ನಮ್ಮ ಆರ್‌ಸಿಬಿ ಹೆಸರಿನ ಮೊದಲೆರಡು ಅಕ್ಷರ ವಿಸ್ಕಿ ಬ್ರಾಂಡಿನದೇ, ಈ ಸಲ ಕಪ್ ನಮ್ದೇ ಅಂತ ಕೂಗುವಾಗ ಯಾರಿಗೆ ನೆನಪಿರುತ್ತೆ. 2022ರಲ್ಲಿ ಈ ಅಡ್ಡದಾರಿ ಜಾಹೀರಾತುಗಳ ಮೇಲೂ ಕೇಂದ್ರದ ಮಾರ್ಗಸೂಚಿ ಬಂತು. ಮದ್ಯ ತೋರಿಸಬಾರದು ಅನ್ನೋದಷ್ಟನ್ನೇ ಈ ನಿಯಮಗಳು ನೋಡೋದು. ಯಾರನ್ನು ತೋರಿಸಿ ನಗಿಸುತ್ತಿದ್ದೀರಿ ಅಂತ ಪಬ್ಬಿನ ಮೆನು ಕಾರ್ಡು ತೆರೆದು ಕೇಳುವವರಿಲ್ಲ. ಅಲ್ಲಿ ಇರೋದು ಓನರು, ನಾನು, ಪ್ರಿಂಟಿಂಗ್ ಪ್ರೆಸ್ಸಿನವನು. ಮೂವರಲ್ಲಿ ಒಬ್ಬ ಬೇಡ ಅಂದರೆ ಅಷ್ಟರ ಮಟ್ಟಿಗೆ ಆಯಿತು.

ಕೊನೆಗೆ ಹನಿ ಬಿಯರಿಗೆ ಬರೀ ಮರ, ಬೆಳದಿಂಗಳು, ರೊಟ್ಟು. ಮನುಷ್ಯ ಇಲ್ಲ. ಓನರ್ ಒಪ್ಪಿದರು, ಸ್ವಲ್ಪ ಬೇಜಾರಲ್ಲೇ.

ಉಳಿದದ್ದು ನಮ್ಮ ಮಂಡ್ಯ. ಇಲ್ಲಿ ವಿಷಯ ಅಷ್ಟು ಸಲೀಸಲ್ಲ. ಸ್ಟ್ರಾಂಗ್ ಬಿಯರಿಗೆ 'ಗೌಡ್ರ ಗತ್ತು' ಅಂತ ಹೆಸರು. ಕಬ್ಬಿನ ಜಲ್ಲೆಯನ್ನೇ ಊರುಗೋಲು ಮಾಡಿಕೊಂಡು ವಾಲಾಡುವ ಗೌಡ, ಬಾಯಲ್ಲಿ ಮಾತು: 'ಕಬ್ಬಿನ ಬಿಲ್ಲು ಬಂದ್ಮೇಲೆ ಕೊಡ್ತೀನಿ ಕಣ್ಲಾ.'

ನಗು ಬಂತು. ಸುಳ್ಳು ಹೇಳಲ್ಲ, ಜೋರಾಗೇ ನಕ್ಕೆ. ಬಿಲ್ಲು ಅಂದರೆ ಕಬ್ಬಿಗೆ ಫ್ಯಾಕ್ಟರಿಯಿಂದ ಬರಬೇಕಾದ ದುಡ್ಡು. ಇದು ನಮ್ಮೂರಿನ ಟೀ ಅಂಗಡಿಯಲ್ಲಿ ದಿನಾ ಕೇಳೋ ಮಾತು. ಸಾಲ ಕೇಳಲು ಬಂದವನಿಗೂ ಇದೇ ಉತ್ತರ, ಮಗಳ ಮದುವೆ ಯಾವಾಗ ಅಂದರೂ ಇದೇ ಉತ್ತರ. ಮಂಡ್ಯದವರಷ್ಟು ತಮ್ಮನ್ನು ತಾವೇ ಆಡಿಕೊಳ್ಳುವವರು ಕಡಿಮೆ. ನಮ್ಮ ದೊಡ್ಡಪ್ಪ ಈ ಮಾತನ್ನು ಹೇಳಿದರೆ ಇಡೀ ಜಗುಲಿ ನಗುತ್ತಿತ್ತು, ಯಾಕಂದರೆ ಅಲ್ಲಿ ಕೂತಿದ್ದವರಿಗೆಲ್ಲ ಬಿಲ್ಲು ಬಾಕಿ ಇತ್ತು. ಮಂಡ್ಯದ ಸಕ್ಕರೆ ಕಾರ್ಖಾನೆ ಮೈಷುಗರ್ ಶುರುವಾಗಿದ್ದು 1933ರಲ್ಲಿ. ಕಬ್ಬು ಅರೆದರೆ ಸಕ್ಕರೆ, ಉಳಿದ ಕಾಕಂಬಿಯಿಂದ ಸ್ಪಿರಿಟ್. ಮಂಡ್ಯದ ಕಬ್ಬಿನಲ್ಲಿ ನಶೆಯೂ ಇದೆ, ಆದರೆ ಅದರ ದುಡ್ಡು ಕಬ್ಬು ಬೆಳೆದವನಿಗೆ ಹೊತ್ತಿಗೆ ಸರಿಯಾಗಿ ಬಂದದ್ದು ಅಪರೂಪ. 2015ರಲ್ಲಿ ಮಂಡ್ಯ ಜಿಲ್ಲೆಯಲ್ಲಿ ಒಬ್ಬರ ಹಿಂದೆ ಒಬ್ಬರು ಕಬ್ಬು ಬೆಳೆಗಾರರು ಪ್ರಾಣ ಕಳೆದುಕೊಂಡರಲ್ಲ, ಆ ಬೇಸಿಗೆ ಮಳೆಗಾಲದಲ್ಲಿ ಈ ಜೋಕನ್ನು ನಮ್ಮೂರಲ್ಲಿ ಯಾರೂ ಹೇಳಲಿಲ್ಲ.

ಅದೇ ಮಾತು ಮುನ್ನೂರೈವತ್ತು ರೂಪಾಯಿ ಗ್ಲಾಸಿನ ಪಕ್ಕ ಬಂದು, ಅದನ್ನು ಓದಿ ನಗುವವರು ಬಿಲ್ಲನ್ನು ಕಾರ್ಡು ಉಜ್ಜಿ ಕೊಟ್ಟು ಎದ್ದು ಹೋಗುವವರಾದರೆ, ಏನೋ ಒಂದು ತಿರುಗುಮುರುಗು ಆಗುತ್ತದೆ. ಆದರೂ ಜೇನು ಕುರುಬರ ಚಿತ್ರದ ಥರ ಇದನ್ನು ಬೇಡವೇ ಬೇಡ ಅನ್ನೋಕೆ ನನಗೆ ಮನಸ್ಸು ಬರಲಿಲ್ಲ. ಗೌಡರು ಪಬ್ಬಿಗೂ ಬರುತ್ತಾರೆ, ಪಬ್ಬು ಇಟ್ಟವರೂ ಇದ್ದಾರೆ, ವಿಧಾನಸೌಧದಲ್ಲಂತೂ ಇದ್ದೇ ಇದ್ದಾರೆ. ತಿರುಗಿಸಿ ಹೇಳುವ ಬಾಯಿ ಅವರಿಗೆ ಇದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕೋಕಾಗಲ್ಲ.

ಹಾಗಾಗಿ ಇನ್ನೊಂದು ಸ್ಕೆಚ್ ಮಾಡಿ ಕಳಿಸಿದೆ. ಮಾತು ಅದೇ ಇರಲಿ, ಆದರೆ ಗೌಡರು ಕುಡಿದಿಲ್ಲ. ಕಬ್ಬಿನ ಜಲ್ಲೆ ಹಿಡಿದು ನೆಟ್ಟಗೆ ನಿಂತಿದ್ದಾರೆ. ಎದುರು ಟೇಬಲ್ಲಿನಲ್ಲಿ ಸಫಾರಿ ಹಾಕಿದ ಫ್ಯಾಕ್ಟರಿ ಆಫೀಸರು ಫುಲ್ ಟೈಟು, 'ಬಿಲ್ಲು ನಾಳೆ ಬರುತ್ತೆ ಗೌಡ್ರೇ' ಅಂತ ತೊದಲುತ್ತಿದ್ದಾನೆ. ಮೊದಲಿನದಕ್ಕಿಂತ ಇದೇ ಜಾಸ್ತಿ ನಗು ಬರುತ್ತೆ ಅಂತ ನನ್ನ ಲೆಕ್ಕ.

ಓನರ್ ನೋಡಿ ನಕ್ಕರು. ಮತ್ತೆ ನೋಡಿದರು. ಆಮೇಲೆ ವಾಯ್ಸ್ ನೋಟ್ ಬಂತು: 'ಸಖತ್ತಾಗಿದೆ ಗುರು, ಆದ್ರೆ ಆಫೀಸರ್ ಬೇಡ. ಅವರೆಲ್ಲ ನಮ್ಮ ರೆಗ್ಯುಲರ್ ಕಸ್ಟಮರ್ಸು.'

ಆ ಪುಟ ಇನ್ನೂ ಖಾಲಿ ಇದೆ. ಶನಿವಾರ ಪ್ರೆಸ್ಸಿಗೆ ಹೋಗಬೇಕು. ಒಳ್ಳೆ ಐಡಿಯಾ ಯಾರಿಗಾದರೂ ಹೊಳೆದರೆ ಹೇಳಿ.